ಪ್ಲೇಟು ಒಬ್ಬರದ್ದು, ಹಾಡು ಇನ್ನೊಬ್ಬರದ್ದು: ಹಳೇ ಜಾಝ್ ರೆಕಾರ್ಡುಗಳ ಜಗಳ ಏನು?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒಂದು ದೊಡ್ಡ ಕೋರ್ಟು ವ್ಯಾಜ್ಯ ಸದ್ದಿಲ್ಲದೆ ಮುಗಿಯಿತು. ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಡಿಜಿಟಲ್ ಮಾಡಿ, ಯಾರು ಬೇಕಾದರೂ ಕೇಳಲಿ ಎಂದು ಬಿಟ್ಟಿಯಾಗಿ ಇಟ್ಟಿತ್ತು. ಅದರ ಮೇಲೆ ಯೂನಿವರ್ಸಲ್, ಸೋನಿ ಮೊದಲಾದ ಸಂಗೀತ ಕಂಪನಿಗಳು ದಾವೆ ಹೂಡಿದ್ದವು. ಕೊನೆಗೆ ಎರಡೂ ಕಡೆಯವರು ರಾಜಿಯಾದರು. ಕರಾರು ಏನು, ಯಾರು ಯಾರಿಗೆ ಎಷ್ಟು ಕೊಟ್ಟರು, ಒಂದೂ ಹೊರಗೆ ಬರಲಿಲ್ಲ.

ಕೆಲವೇ ತಿಂಗಳಲ್ಲಿ ಇನ್ನೊಂದು ಸುದ್ದಿ. 2026ರ ಜನವರಿ 1ರಂದು ಅದೇ ಅಮೆರಿಕದಲ್ಲಿ, 1925ರಲ್ಲಿ ಬಿಡುಗಡೆಯಾದ ರೆಕಾರ್ಡುಗಳ ಕಾಪಿರೈಟ್ ಮುಗಿದು ಅವು ಸಾರ್ವಜನಿಕ ಸ್ವತ್ತಾದವು. ಬೆಸ್ಸಿ ಸ್ಮಿತ್ ಹಾಡಿ, ಲೂಯಿ ಆರ್ಮ್‌ಸ್ಟ್ರಾಂಗ್ ತುತ್ತೂರಿಯಂಥ ಕಾರ್ನೆಟ್ ಊದಿದ ‘ಸೇಂಟ್ ಲೂಯಿಸ್ ಬ್ಲೂಸ್’ ಕೂಡ ಆ ಗುಂಪಿನಲ್ಲಿದೆ. ಅದನ್ನು ಈಗ ಯಾರು ಬೇಕಾದರೂ ನಕಲು ಮಾಡಬಹುದು, ಮಾರಲೂಬಹುದು.

ಎರಡು ಸುದ್ದಿಯನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ಒಂದು ಪ್ಲೇಟು ನಕಲು ಮಾಡಿದರೆ ಲಕ್ಷ ಡಾಲರಿಗೂ ಮೀರಿ ಪರಿಹಾರ ಕೊಡಿ ಅಂತಾರೆ, ಪಕ್ಕದ ಪ್ಲೇಟಿಗೆ ಎಷ್ಟು ಬೇಕಾದರೂ ಮಾಡಿಕೊಳ್ಳಿ ಅಂತಾರೆ. ಕೈಯಲ್ಲಿ ಪ್ಲೇಟು ಇರುವವರಿಗೆ ಅದರ ಮೇಲೆ ಹಕ್ಕಿಲ್ಲ. ಹಕ್ಕು ಇರುವವರ ಹತ್ತಿರ ಎಷ್ಟೋ ಸಲ ಪ್ಲೇಟೇ ಇಲ್ಲ. ಈ ಕಗ್ಗಂಟು ಹೇಗೆ ಬಿತ್ತು ಅಂತ ಬುಡದಿಂದ ನೋಡೋಣ.

ಅರಗಿನ ಮೇಲೆ ಅಚ್ಚಾದ ಸಂಗೀತ

ಮೊದಲು ಆ ವಸ್ತುವನ್ನೇ ಕೈಗೆತ್ತಿಕೊಳ್ಳೋಣ. 1920ರ ದಶಕದ 78 ಆರ್‌ಪಿಎಂ (ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟು ಸಾಮಾನ್ಯವಾಗಿ ಹತ್ತು ಇಂಚು ಅಗಲ. ಕೈಗೆ ಭಾರ. ಒಂದು ಬದಿಗೆ ಸುಮಾರು ಮೂರು ನಿಮಿಷದ ಸಂಗೀತ, ಅಷ್ಟೇ. ಆಮೇಲೆ ಬಂದ ವಿನೈಲ್ ಹಾಗೆ ಇದು ಬಾಗುವುದಿಲ್ಲ. ಕೈಜಾರಿದರೆ ಹಂಚಿನ ಹಾಗೆ ಚೂರಾಗುತ್ತದೆ. ಕಲ್ಲಿನ ಪುಡಿ, ಮಸಿ ಮತ್ತು ಶೆಲ್ಯಾಕ್ ಬೆರೆಸಿ, ಕಾಯಿಸಿ ಒತ್ತಿದ ಬಿಲ್ಲೆ ಅದು.

ಶೆಲ್ಯಾಕ್ ಅಂದರೆ ಬೇರೇನಲ್ಲ, ನಮ್ಮ ಅರಗು. ಮುತ್ತುಗ, ಯಲಚಿಯಂಥ ಮರಗಳ ಕೊಂಬೆಗೆ ಹತ್ತಿಕೊಳ್ಳುವ ಪುಟ್ಟ ಹುಳು ಸುರಿಸುವ ಅಂಟು. ಆಗ ಜಗತ್ತಿಗೆ ಬೇಕಾದ ಅರಗಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಭಾರತದಿಂದ. ಶಿಕಾಗೊದ ಮನೆಯೊಂದರಲ್ಲಿ ತಿರುಗುತ್ತಿದ್ದ ಜಾಝ್ ಪ್ಲೇಟಿನಲ್ಲಿ ಛೋಟಾ ನಾಗಪುರದ ಕಾಡಿನ ಅರಗು ಇತ್ತು ಎಂದರೆ ಅದು ಕವಿಕಲ್ಪನೆ ಅಲ್ಲ.

ಈ ನಂಟೇ ಮುಂದೆ ಎಷ್ಟೋ ಪ್ಲೇಟುಗಳಿಗೆ ಮುಳುವಾಯಿತು. ಎರಡನೇ ಮಹಾಯುದ್ಧದಲ್ಲಿ ಅರಗಿನ ಸಾಗಾಟ ಕಷ್ಟವಾಯಿತು, ಯುದ್ಧದ ಕೆಲಸಕ್ಕೂ ಅರಗು ಬೇಕಾಯಿತು. 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ರೆಕಾರ್ಡು ಕಂಪನಿಗಳಿಗೆ ಸಿಗುವ ಶೆಲ್ಯಾಕನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಹಳೇ ಪ್ಲೇಟು ತಂದುಕೊಡಿ ಎಂದು ಜನರನ್ನು ಕೇಳಿದರು. ಮನೆಮನೆಯಿಂದ ಬಂದ ಪ್ಲೇಟುಗಳನ್ನು ಅರೆದು, ಆ ಪುಡಿಯಿಂದ ಹೊಸ ಹಾಡು ಒತ್ತಿದರು. ಅರೆಯುವ ಮುಂಚೆ ಲೇಬಲ್ ಮೇಲೆ ಯಾರ ಹೆಸರಿದೆ ಎಂದು ಯಾರೂ ಓದುತ್ತ ಕೂರಲಿಲ್ಲ.

ಪ್ಲೇಟು ಹೋದರೇನು, ಕಂಪನಿ ಹತ್ತಿರ ಮೂಲ ಅಚ್ಚು ಇರುತ್ತಲ್ಲ ಅನ್ನಿಸಬಹುದು. ಅಲ್ಲೇ ನಷ್ಟ ಜಾಸ್ತಿ ಆಗಿದ್ದು. ಆಗ ಟೇಪು ಇರಲಿಲ್ಲ. ಮೇಣದ ತಟ್ಟೆಯ ಮೇಲೆ ದನಿ ಕೊರೆದು, ಅದರಿಂದ ಲೋಹದ ಅಚ್ಚು ತೆಗೆದು, ಆ ಅಚ್ಚಿನಿಂದ ಅರಗಿನ ಪ್ಲೇಟು ಒತ್ತುತ್ತಿದ್ದರು. 1929ರ ಆರ್ಥಿಕ ಕುಸಿತದ ನಂತರ ರೆಕಾರ್ಡು ವ್ಯಾಪಾರ ನೆಲಕಚ್ಚಿತು. ವಿಸ್ಕಾನ್ಸಿನ್‌ನ ಪ್ಯಾರಾಮೌಂಟ್ ಎಂಬ ಲೇಬಲ್ ನೋಡಿ. ಅದನ್ನು ನಡೆಸುತ್ತಿದ್ದದ್ದು ಒಂದು ಕುರ್ಚಿ ಕಂಪನಿ. ಗ್ರಾಮಫೋನ್ ಪೆಟ್ಟಿಗೆ ಮಾಡುತ್ತಿದ್ದವರು, ಅದರ ಜೊತೆಗೆ ಪ್ಲೇಟನ್ನೂ ಮಾರೋಣ ಎಂದು ಶುರು ಮಾಡಿದ್ದರು. ಕಪ್ಪು ಜನರ ಬ್ಲೂಸ್ ಮತ್ತು ಜಾಝ್‌ನ ದೊಡ್ಡ ಭಂಡಾರವೇ ಅವರ ಕೈಯಲ್ಲಿತ್ತು. ಅಂಗಡಿ ಮುಚ್ಚುವಾಗ ಲೋಹದ ಅಚ್ಚುಗಳು ಗುಜರಿಗೆ ಹೋದವು.

ಹಾಗಾಗಿ ಒಂದು ವಿಚಿತ್ರ ಸ್ಥಿತಿ ಹುಟ್ಟಿತು. ಸಾವಿರಾರು ಪ್ರತಿಗಳಲ್ಲಿ ಒಂದಾಗಿ ಮಾರಾಟವಾಗಿದ್ದ ಪ್ಲೇಟು, ಉಳಿದದ್ದೆಲ್ಲ ಹೋದ ಮೇಲೆ, ತಾನೇ ಮೂಲವಾಯಿತು. ಇವತ್ತು ಆ ಸಂಗೀತ ಎಲ್ಲಿದೆ ಎಂದರೆ ಯಾರದೋ ಮನೆಯ ಕಪಾಟಿನಲ್ಲಿದೆ.

ಕಪಾಟುಗಳ ಕಥೆ

ಜಾಝ್‌ನ ಮೊದಲ ರೆಕಾರ್ಡು ಎಂದು ಎಲ್ಲರೂ ಒಪ್ಪುವುದು 1917ರ ಫೆಬ್ರವರಿ 26ರಂದು ನ್ಯೂಯಾರ್ಕ್‌ನಲ್ಲಿ ವಿಕ್ಟರ್ ಕಂಪನಿಗೆ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ನುಡಿಸಿದ್ದನ್ನು. ಅವರು ಬಿಳಿಯರ ತಂಡ. ಈ ಸಂಗೀತವನ್ನು ಕಟ್ಟಿದ ನ್ಯೂ ಓರ್ಲಿಯನ್ಸ್‌ನ ಕಪ್ಪು ವಾದಕರಿಗೆ ಸರದಿ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. 1923ರ ಏಪ್ರಿಲ್‌ನಲ್ಲಿ ಕಿಂಗ್ ಆಲಿವರ್‌ನ ಕ್ರಿಯೋಲ್ ಜಾಝ್ ಬ್ಯಾಂಡ್ ಇಂಡಿಯಾನಾದ ರಿಚ್ಮಂಡ್‌ಗೆ ಹೋಯಿತು. ಅಲ್ಲಿ ಒಂದು ಪಿಯಾನೊ ಕಾರ್ಖಾನೆಯವರೇ ಗೆನೆಟ್ ಎಂಬ ಲೇಬಲ್ ನಡೆಸುತ್ತಿದ್ದರು. ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ನುಡಿಸುವುದನ್ನು ನಿಲ್ಲಿಸಿ ಕಾಯಬೇಕು. ಮೈಕ್ ಇನ್ನೂ ಬಂದಿರಲಿಲ್ಲ. ಎಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕು. ಅಂದು ಎರಡನೇ ಕಾರ್ನೆಟ್ ಹಿಡಿದಿದ್ದ ಇಪ್ಪತ್ತೊಂದರ ಹುಡುಗ ಆರ್ಮ್‌ಸ್ಟ್ರಾಂಗ್. ಅವನ ದನಿ ಎಷ್ಟು ಜೋರೆಂದರೆ, ಉಳಿದವರನ್ನು ನುಂಗಬಾರದು ಅಂತ ದೂರ ನಿಲ್ಲಿಸಿದ್ದರಂತೆ.

ಅದೇ ತಂಡ ಅದೇ ವರ್ಷ ಗೆನೆಟ್‌ಗೆ ನುಡಿಸಿದ 5275 ನಂಬರಿನ ಪ್ಲೇಟು ಜಗತ್ತಿನಲ್ಲಿ ಒಂದೇ ಪ್ರತಿ ಉಳಿದಿದೆ ಎಂದು ಸಂಗ್ರಾಹಕರು ಬಹುಕಾಲ ಹೇಳುತ್ತಿದ್ದರು. ಒಂದೇ ಪ್ರತಿ. ಅದು ಕೈಜಾರಿದ್ದರೆ ಆ ಎರಡು ಹಾಡುಗಳನ್ನು ನಾವು ಯಾರೂ ಕೇಳುತ್ತಿರಲಿಲ್ಲ.

ಇಂಥವನ್ನು ಉಳಿಸಿದವರು 1930ರ ದಶಕದಿಂದ ಮನೆ ಬಾಗಿಲು ತಟ್ಟಿ ಹಳೇ ಪ್ಲೇಟು ಇದೆಯಾ ಎಂದು ಕೇಳಿಕೊಂಡು ಹೋದ ಹುಚ್ಚು ಹವ್ಯಾಸಿಗಳು. ಆಗ ಅವು ಗುಜರಿ ಬೆಲೆಗೆ ಸಿಗುತ್ತಿದ್ದವು. ಈಗ ಹಾಗಿಲ್ಲ. ಜಾಝ್‌ನ ನೆರೆಯದೇ ಆದ ಬ್ಲೂಸ್‌ನಲ್ಲಿ, ಟಾಮಿ ಜಾನ್ಸನ್‌ನ ಒಂದು ಪ್ಯಾರಾಮೌಂಟ್ ಪ್ಲೇಟು 2013ರಲ್ಲಿ ಇಬೇ ಹರಾಜಿನಲ್ಲಿ 37,100 ಡಾಲರಿಗೆ ಹೋಯಿತು. ಬೆಲೆ ಏರಿದ್ದರಿಂದ ಒಂದು ಒಳ್ಳೆಯದೂ ಆಯಿತು, ಜನ ಹಳೇ ಪ್ಲೇಟನ್ನು ಬಿಸಾಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಇದೇ ಜಗಳ 1951ರಲ್ಲೂ ಆಗಿತ್ತು

ಕಪಾಟಿನಲ್ಲಿದ್ದದ್ದು ಬೇರೆಯವರ ಕಿವಿಗೂ ಬೀಳಬೇಕಾದರೆ ನಕಲು ಮಾಡಲೇಬೇಕು. ನ್ಯೂಯಾರ್ಕ್‌ನಲ್ಲಿ ಕಮೋಡೋರ್ ಎಂಬ ರೆಕಾರ್ಡು ಅಂಗಡಿ ನಡೆಸುತ್ತಿದ್ದ ಮಿಲ್ಟ್ ಗೇಬ್ಲರ್ 1930ರ ದಶಕದ ನಡುವಿನಲ್ಲಿ ಕಂಪನಿಗಳನ್ನು ಕೇಳಿ, ಮಾರುಕಟ್ಟೆಯಿಂದ ಮಾಯವಾಗಿದ್ದ ಜಾಝ್ ಪ್ಲೇಟುಗಳನ್ನು ಮತ್ತೆ ಒತ್ತಿಸಿ ಮಾರಿದರು. 1940ರಲ್ಲಿ ಜಾರ್ಜ್ ಅವಾಕಿಯನ್ ಎಂಬ ಕಾಲೇಜು ಹುಡುಗ ಕೊಲಂಬಿಯಾ ಕಂಪನಿಗಾಗಿ ಆರ್ಮ್‌ಸ್ಟ್ರಾಂಗ್‌ನ ಹಳೇ ರೆಕಾರ್ಡುಗಳನ್ನು ಮರುಬಿಡುಗಡೆ ಮಾಡಿಸಿದ. ದಾರಿ ತೋರಿಸಿದವರು ಅಭಿಮಾನಿಗಳು, ಕಂಪನಿಗಳು ಹಿಂದೆ ಬಂದವು.

ಆದರೆ ಎಲ್ಲರೂ ಕೇಳಿ ಮಾಡಲಿಲ್ಲ. 1950ರ ಹೊತ್ತಿಗೆ ಡಾಂಟೆ ಬೋಲೆಟಿನೊ ಎಂಬಾತ ‘ಜಾಲಿ ರೋಜರ್’ ಎಂಬ ಲೇಬಲ್ ಶುರು ಮಾಡಿದ. ಜಾಲಿ ರೋಜರ್ ಅಂದರೆ ಕಡಲ್ಗಳ್ಳರ ಬಾವುಟ. ಯಾರ ಅನುಮತಿಯೂ ಇಲ್ಲದೆ ಆರ್‌ಸಿಎ ವಿಕ್ಟರ್ ಮತ್ತು ಕೊಲಂಬಿಯಾದ ಹಳೇ ಜಾಝ್ ಅನ್ನು ಎಲ್‌ಪಿ ಮಾಡಿ ಮಾರಿದ. ಆ ಎಲ್‌ಪಿಗಳನ್ನು ಒತ್ತಿಕೊಟ್ಟವರು ಯಾರು ಗೊತ್ತಾ? ಆರ್‌ಸಿಎ ವಿಕ್ಟರ್‌ನದೇ ಕಾರ್ಖಾನೆ. ಹೊರಗಿನವರ ಆರ್ಡರ್ ತೆಗೆದುಕೊಳ್ಳುವ ವಿಭಾಗದವರು ತಮ್ಮ ಮನೆಯ ಮಾಲನ್ನೇ ಗುರುತಿಸಲಿಲ್ಲ. ‘ರೆಕಾರ್ಡ್ ಚೇಂಜರ್’ ಎಂಬ ಸಂಗ್ರಾಹಕರ ಪತ್ರಿಕೆ 1951ರಲ್ಲಿ ಇದನ್ನು ಬಯಲು ಮಾಡಿತು. ಕೊಲಂಬಿಯಾ ಮತ್ತು ಆರ್ಮ್‌ಸ್ಟ್ರಾಂಗ್ 1952ರಲ್ಲಿ ದಾವೆ ಹೂಡಿದರು. ಲೇಬಲ್ ನಿಂತುಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಪತ್ರಿಕೆ ನಡೆಸುತ್ತಿದ್ದ ಬಿಲ್ ಗ್ರೌಯರ್ ಮತ್ತು ಓರಿನ್ ಕೀಪ್‌ನ್ಯೂಸ್ ಇಬ್ಬರನ್ನೇ ಕರೆದು ಆರ್‌ಸಿಎ ತನ್ನ ಹಳೇ ಜಾಝ್ ಅನ್ನು ಮರುಬಿಡುಗಡೆ ಮಾಡಿಸಿತು. ಕಳ್ಳ ನಕಲಿಗೆ ಗಿರಾಕಿ ಇದ್ದಾರೆ ಎಂದು ಗೊತ್ತಾದ ಮೇಲೆ ಅಸಲಿ ಹೊರಗೆ ಬಂತು. 70 ವರ್ಷ ಕಳೆದರೂ ಈ ಮಾದರಿ ಬದಲಾಗಿಲ್ಲ ಎನ್ನುವುದು ಇಡೀ ಜಗಳವನ್ನು ಅರ್ಥ ಮಾಡಿಕೊಳ್ಳಲು ಮುಖ್ಯ.

ನಕಲು ಅನ್ನುವ ಮಾತೇ ಸಣ್ಣದು

ಪ್ಲೇಟು ಹಾಕಿ, ವೈರು ಸಿಕ್ಕಿಸಿ, ಬಟನ್ ಒತ್ತುವ ಕೆಲಸ ಇದಲ್ಲ. ಮೊದಲು ಪ್ಲೇಟು ತೊಳೆಯಬೇಕು. ನೂರು ವರ್ಷದ ದೂಳು ಗೀರಿನೊಳಗೆ ಕೂತಿರುತ್ತದೆ. ಆಮೇಲೆ ಮುಳ್ಳಿನ ಪ್ರಶ್ನೆ. ಆ ಕಾಲದಲ್ಲಿ ಗೀರಿನ ಅಗಲಕ್ಕೆ ಒಂದೇ ಅಳತೆ ಇರಲಿಲ್ಲ, ಒಂದೊಂದು ಕಂಪನಿಯದು ಒಂದೊಂದು. ಉಕ್ಕಿನ ಮುಳ್ಳು ಉಜ್ಜಿ ಉಜ್ಜಿ ಗೀರಿನ ಒಂದು ಮಟ್ಟ ಸವೆದಿರುತ್ತದೆ. ಸ್ವಲ್ಪ ದಪ್ಪ ಅಥವಾ ಸ್ವಲ್ಪ ತೆಳು ಮುಳ್ಳು ಹಾಕಿದರೆ ಸವೆಯದ ಗೋಡೆ ಸಿಗುತ್ತದೆ, ದನಿ ಇದ್ದಕ್ಕಿದ್ದ ಹಾಗೆ ತಿಳಿಯಾಗುತ್ತದೆ. ಇಂಟರ್ನೆಟ್ ಆರ್ಕೈವ್‌ಗಾಗಿ ಈ ಕೆಲಸ ಮಾಡಿದ ಜಾರ್ಜ್ ಬ್ಲಡ್ ಅವರ ಸಂಸ್ಥೆ ಒಂದೇ ತಿರುಗುಮಣೆಗೆ ನಾಲ್ಕು ತೋಳು ಜೋಡಿಸಿ, ನಾಲ್ಕು ಅಳತೆಯ ಮುಳ್ಳಿನಿಂದ ಒಂದೇ ಸಲ ನಾಲ್ಕು ದನಿ ತೆಗೆಯುತ್ತಿತ್ತು.

ವೇಗವೂ ಅಷ್ಟೇ. 78 ಅಂತ ಕರೆದರೂ ಎಷ್ಟೋ ಪ್ಲೇಟು ಆ ವೇಗದಲ್ಲಿ ಕೊರೆದದ್ದಲ್ಲ. ತಪ್ಪು ವೇಗದಲ್ಲಿ ಹಾಕಿದರೆ ಶ್ರುತಿಯೇ ಬದಲಾಗುತ್ತದೆ.

ಗಣಕಯಂತ್ರ ಬರುವ ಮುಂಚೆ ಇನ್ನೂ ಕಷ್ಟ. 2004ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಜಾನ್ ಆರ್. ಟಿ. ಡೇವೀಸ್ ಟೇಪಿನ ಮೇಲೆ ‘ಟಕ್’ ಸದ್ದು ಇರುವ ಜಾಗ ಹುಡುಕಿ, ಬ್ಲೇಡಿನಿಂದ ಆ ಚೂರು ಲೇಪವನ್ನು ಕೆರೆದು ತೆಗೆಯುತ್ತಿದ್ದರು. ಒಂದೊಂದು ಟಕ್‌ಗೆ ಒಂದೊಂದು ಕೆರೆತ. ಮೂರು ನಿಮಿಷದ ಹಾಡಿನಲ್ಲಿ ಅಂಥವು ನೂರಾರು ಇರಬಹುದು. ಹಳೇ ಜಾಝ್ ಪ್ರೀತಿಸುವವರು ಅವರ ಹೆಸರನ್ನು ಗೌರವದಿಂದ ಹೇಳುವುದು ಸುಮ್ನೆ ಅಲ್ಲ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಒಂದೊಂದು ಪ್ರತಿ ಒಂದೊಂದು ಕಡೆ ಸವೆದಿರುತ್ತದೆ. ಒಂದರ ಶುರು ಚೆನ್ನಾಗಿದ್ದರೆ ಇನ್ನೊಂದರ ಕೊನೆ ಚೆನ್ನಾಗಿರುತ್ತದೆ. ಒಳ್ಳೆಯ ಮರುಮುದ್ರಣಕ್ಕೆ ಎರಡು ಮೂರು ಪ್ರತಿ ಬೇಕು, ಅಂದರೆ ಎರಡು ಮೂರು ಜನ ಸಂಗ್ರಾಹಕರು ಧೈರ್ಯವಾಗಿ ತಮ್ಮ ಕಪಾಟು ತೆರೆಯಬೇಕು. ಕೋರ್ಟಿನ ಭಯ ಇಲ್ಲಿಗೇ ಬಂದು ತಟ್ಟುವುದು.

ಕಾನೂನಿನ ಗಂಟು

ಒಂದು ರೆಕಾರ್ಡಿನೊಳಗೆ ಎರಡು ಹಕ್ಕು ಇರುತ್ತದೆ. ಹಾಡನ್ನು ಕಟ್ಟಿದವರದ್ದು ಒಂದು, ಅದನ್ನು ನುಡಿಸಿ ಮುದ್ರಿಸಿದ್ದರ ಮೇಲಿನದ್ದು ಇನ್ನೊಂದು. ಅಮೆರಿಕದಲ್ಲಿ 1925ರಲ್ಲಿ ಪ್ರಕಟವಾದ ಹಾಡು 2021ರಲ್ಲೇ ಬಿಡುಗಡೆಯಾಗಿತ್ತು. ಅದೇ ವರ್ಷದ ರೆಕಾರ್ಡು ಬಿಡುಗಡೆಯಾಗಲು 2026 ಬರಬೇಕಾಯಿತು.

ಈ ಅಂತರ ಯಾಕೆ? 1972ರ ಫೆಬ್ರವರಿ 15ಕ್ಕಿಂತ ಮುಂಚಿನ ರೆಕಾರ್ಡುಗಳಿಗೆ ಅಮೆರಿಕದ ಕೇಂದ್ರ ಕಾಪಿರೈಟ್ ಕಾನೂನು ಅನ್ವಯಿಸುತ್ತಲೇ ಇರಲಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. 2005ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ, ಬ್ರಿಟನ್ನಿನಲ್ಲಿ ಹಕ್ಕು ಮುಗಿದ ಹಳೇ ರೆಕಾರ್ಡಿಗೂ ನ್ಯೂಯಾರ್ಕ್‌ನಲ್ಲಿ ಹಕ್ಕು ಇದೆ ಎಂದು ತೀರ್ಪು ಕೊಟ್ಟಿತು. 1890ರ ಒಂದು ರೆಕಾರ್ಡು ಕೂಡ ಅಮೆರಿಕದಲ್ಲಿ ಸ್ವತಂತ್ರವಾಗಿರಲಿಲ್ಲ.

2018ರಲ್ಲಿ ಬಂದ ಸಂಗೀತ ಆಧುನೀಕರಣ ಕಾಯ್ದೆ ಇದಕ್ಕೊಂದು ಮೆಟ್ಟಿಲು ಕಟ್ಟಿತು. 1923ಕ್ಕೆ ಮುಂಚಿನವು 2022ರ ಜನವರಿ 1ರಂದು ಒಟ್ಟಿಗೆ ಬಿಡುಗಡೆಯಾದವು. 1923ರಿಂದ 1946ರವರೆಗಿನವಕ್ಕೆ 100 ವರ್ಷ. 1947ರಿಂದ 1956ರವರೆಗಿನವಕ್ಕೆ 110 ವರ್ಷ. 1957ರಿಂದ 1972ರ ಫೆಬ್ರವರಿ ಮಧ್ಯದವರೆಗಿನ ಅಷ್ಟಕ್ಕೂ 2067ರ ಫೆಬ್ರವರಿ 15ರವರೆಗೆ ಬೀಗ.

ಲೆಕ್ಕ ಹಾಕಿ ನೋಡಿ. ಆರ್ಮ್‌ಸ್ಟ್ರಾಂಗ್ 1928ರಲ್ಲಿ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’ 2029ಕ್ಕೆ ಸಿಗುತ್ತದೆ. ಬಿಲ್ಲಿ ಹಾಲಿಡೇ 1939ರಲ್ಲಿ ಹಾಡಿದ್ದಕ್ಕೆ 2040ರವರೆಗೆ ಕಾಯಬೇಕು. ಬ್ರಿಟನ್ ಮತ್ತು ಯುರೋಪಿನಲ್ಲಿ 1962ರವರೆಗೆ ಬಿಡುಗಡೆಯಾದ ರೆಕಾರ್ಡುಗಳ ಹಕ್ಕು ಆಗಲೇ ಮುಗಿದಿದೆ. ಅಮೆರಿಕದ ಹಳೇ ಜಾಝ್‌ನ ಚೆಂದದ ಮರುಮುದ್ರಣಗಳು ಎಷ್ಟೋ ಸಲ ಇಂಗ್ಲೆಂಡಿನಿಂದ ಬಂದಿರುವುದಕ್ಕೆ ಇದೂ ಕಾರಣ.

ಎರಡೂ ಕಡೆಯ ಮಾತು

2023ರ ಆಗಸ್ಟ್‌ನಲ್ಲಿ ಕಂಪನಿಗಳು ದಾವೆ ಹೂಡಿದಾಗ 2,749 ರೆಕಾರ್ಡುಗಳ ಪಟ್ಟಿ ಕೊಟ್ಟಿದ್ದವು. ಒಂದು ರೆಕಾರ್ಡಿಗೆ ಕಾನೂನು ಬಿಡುವ ಗರಿಷ್ಠ ಪರಿಹಾರ ಒಂದೂವರೆ ಲಕ್ಷ ಡಾಲರ್. ಗುಣಿಸಿದರೆ 41 ಕೋಟಿ ಡಾಲರಿಗೂ ಜಾಸ್ತಿ. ಆಮೇಲೆ ಪಟ್ಟಿಯನ್ನು 4,000 ದಾಟಿಸಲು ಅರ್ಜಿ ಹಾಕಿದವು. ಆರ್ಕೈವ್‌ನ ಸ್ಥಾಪಕರು ಮತ್ತು ಪ್ಲೇಟುಗಳನ್ನು ಡಿಜಿಟಲ್ ಮಾಡಿದ ತಂತ್ರಜ್ಞರ ಹೆಸರೂ ದಾವೆಯಲ್ಲಿತ್ತು.

ಕಂಪನಿಗಳ ವಾದ ಸರಳ. ಪಟ್ಟಿಯಲ್ಲಿರುವ ಫ್ರಾಂಕ್ ಸಿನಾತ್ರಾ, ಎಲ್ಲಾ ಫಿಟ್ಸ್‌ಜೆರಾಲ್ಡ್, ಬಿಂಗ್ ಕ್ರಾಸ್ಬಿ ಇವರೆಲ್ಲ ಈಗಲೂ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತಾರೆ. ಅವರು ನಾಶವಾಗುವ ಭಯವೇ ಇಲ್ಲ. ಕಾಪಾಡುವುದು ಬೇರೆ, ಇಡೀ ಲೋಕಕ್ಕೆ ಡೌನ್‌ಲೋಡ್ ಕೊಡುವುದು ಬೇರೆ. ಈ ಮಾತಿನಲ್ಲಿ ಹುರುಳಿದೆ, ಅದನ್ನು ಒಪ್ಪಲೇಬೇಕು. ಕಲಾವಿದರ ಪಾಲಿನ ಪ್ರಶ್ನೆಯೂ ಇದೆ. 2018ರ ಕಾಯ್ದೆ 1972ಕ್ಕೆ ಮುಂಚಿನ ರೆಕಾರ್ಡುಗಳಿಗೂ ಡಿಜಿಟಲ್ ರೇಡಿಯೊ ಗೌರವಧನ ತಂದಿತು. ಅದರಲ್ಲಿ ಶೇಕಡಾ 45 ಮುಖ್ಯ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಹೋಗುತ್ತದೆ. ಹಿಂದೆ ಅದೂ ಖಾತ್ರಿ ಇರಲಿಲ್ಲ. 1920ರ ದಶಕದ ಕಪ್ಪು ವಾದಕರಲ್ಲಿ ಹೆಚ್ಚಿನವರಿಗೆ ಒಂದು ಬದಿಗೆ ಇಷ್ಟು ಎಂದು ಕೈಗೆ ಕೊಟ್ಟ ದುಡ್ಡೇ ಕೊನೆ.

ಆರ್ಕೈವ್‌ನ ವಾದ ಬೇರೆ. ನಾವು ಇಟ್ಟಿರುವ 4 ಲಕ್ಷಕ್ಕೂ ಹೆಚ್ಚು ದನಿಗಳು ಕರಕರ ಸದ್ದಿನ ಸಮೇತ, ಆ ಪ್ಲೇಟು ಹೇಗಿದೆಯೋ ಹಾಗೇ ಇವೆ. ಸ್ಟ್ರೀಮಿಂಗ್ ಬಿಟ್ಟು ಯಾರೂ ಇದನ್ನು ಹುಡುಕಿಕೊಂಡು ಬರುವುದಿಲ್ಲ. ಇದು ಸಂಶೋಧಕರಿಗೆ, ಕುತೂಹಲ ಇರುವವರಿಗೆ ಬೇಕಾದದ್ದು ಎಂದು ಅವರು ಹೇಳಿದರು.

ಇಬ್ಬರೂ ಮಾತಾಡಿದ್ದು ಬೇರೆ ಬೇರೆ ರೆಕಾರ್ಡುಗಳ ಬಗ್ಗೆ. ಕಂಪನಿಗಳ ಕಣ್ಣು ಮಾರಾಟವಾಗುವ ಕೆಲವು ಸಾವಿರದ ಮೇಲೆ. ಆರ್ಕೈವ್ ಸಮರ್ಥಿಸಿಕೊಂಡದ್ದು ಯಾರೂ ಮಾರದ ಲಕ್ಷಗಳ ಹೆಸರಿನಲ್ಲಿ. ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ 2005ರಲ್ಲಿ ಮಾಡಿದ ಒಂದು ಸಮೀಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1890ರಿಂದ 1964ರವರೆಗಿನ ಮಹತ್ವದ ಅಮೆರಿಕನ್ ರೆಕಾರ್ಡುಗಳಲ್ಲಿ ಹಕ್ಕುದಾರರು ಮರುಬಿಡುಗಡೆ ಮಾಡಿದ್ದು ಶೇಕಡಾ 14 ಮಾತ್ರ. ಹಕ್ಕಿಲ್ಲದವರು, ಅಂದರೆ ವಿದೇಶಿ ಲೇಬಲ್‌ಗಳು ಮತ್ತು ಸಣ್ಣ ಉತ್ಸಾಹಿಗಳು ಹೊರತಂದದ್ದು ಶೇಕಡಾ 22. ಸ್ಟ್ರೀಮಿಂಗ್ ಬಂದ ಮೇಲೆ ಅಂಕಿ ಬದಲಾಗಿರಬೇಕು, ನಿಜ. ಆದರೆ 1927ರಲ್ಲಿ ಒಂದೇ ದಿನ ಸ್ಟುಡಿಯೊಗೆ ಬಂದು ಎರಡು ಹಾಡು ನುಡಿಸಿ ಮರೆಯಾದ ಒಂದು ಸಣ್ಣ ಊರಿನ ತಂಡವನ್ನು ಹುಡುಕಿ ಸ್ಟ್ರೀಮಿಂಗ್‌ಗೆ ಹಾಕುವ ಉಸಾಬರಿ ಯಾವ ಕಂಪನಿಗೂ ಇಲ್ಲ. ದುಡ್ಡು ಹುಟ್ಟುವುದಿಲ್ಲ ಅಲ್ವಾ?

ರಾಜಿಯಿಂದ ಮುಂದೇನು?

ತೀರ್ಪು ಬಂದಿದ್ದರೆ, ಗ್ರಂಥಾಲಯವೊಂದು ಹಳೇ ಪ್ಲೇಟನ್ನು ಎಷ್ಟರ ಮಟ್ಟಿಗೆ ಹಂಚಬಹುದು ಎಂಬುದಕ್ಕೆ ಒಂದು ಗೆರೆ ಸಿಗುತ್ತಿತ್ತು. ರಾಜಿಯಿಂದ ಆ ಗೆರೆ ಬೀಳಲಿಲ್ಲ. ಉಳಿದದ್ದು 41 ಕೋಟಿ ಎಂಬ ಅಂಕಿಯ ನೆನಪು. ಪುಸ್ತಕಗಳ ವಿಷಯದ ಇನ್ನೊಂದು ದಾವೆಯಲ್ಲಿ ಇದೇ ಆರ್ಕೈವ್ 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಸೋತದ್ದೂ ಎಲ್ಲರಿಗೂ ಗೊತ್ತು. ದೊಡ್ಡ ವಿಶ್ವವಿದ್ಯಾಲಯಕ್ಕೆ ವಕೀಲರಿದ್ದಾರೆ. ಗ್ಯಾರೇಜಿನಲ್ಲಿ ಐದು ಸಾವಿರ ಪ್ಲೇಟು ಇಟ್ಟುಕೊಂಡ ವಯಸ್ಸಾದ ಸಂಗ್ರಾಹಕನಿಗೆ ಯಾರಿದ್ದಾರೆ? ಆತ ಸುಮ್ಮನಿರುವುದೇ ಕ್ಷೇಮ ಅಂದುಕೊಳ್ಳುತ್ತಾನೆ. ಆತ ಹೋದ ಮೇಲೆ ಆ ಪೆಟ್ಟಿಗೆಗಳು ಎಲ್ಲಿಗೆ ಹೋಗುತ್ತವೆ ಎಂಬುದು ಮನೆಯವರ ವ್ಯವಧಾನಕ್ಕೆ ಬಿಟ್ಟದ್ದು.

ಕಾನೂನಿನಲ್ಲಿ ಒಂದು ಕಿಟಕಿ ಇದೆ, ಅದರ ಬಗ್ಗೆ ಮಾತು ಕಡಿಮೆ. 2018ರ ಕಾಯ್ದೆಯ ಪ್ರಕಾರ 1972ಕ್ಕೆ ಮುಂಚಿನ ರೆಕಾರ್ಡು ಎಲ್ಲೂ ಮಾರಾಟಕ್ಕಿಲ್ಲ ಎಂದು ಪ್ರಾಮಾಣಿಕವಾಗಿ ಹುಡುಕಿ ಖಚಿತ ಮಾಡಿಕೊಂಡವರು, ಅಮೆರಿಕದ ಕಾಪಿರೈಟ್ ಕಚೇರಿಗೆ ನೋಟಿಸ್ ಕೊಡಬಹುದು. 90 ದಿನದಲ್ಲಿ ಹಕ್ಕುದಾರರು ಬೇಡ ಅನ್ನದಿದ್ದರೆ ಲಾಭದ ಉದ್ದೇಶವಿಲ್ಲದೆ ಬಳಸಬಹುದು. ಯೋಚನೆ ಸರಿಯಾಗೇ ಇದೆ. ಆದರೆ ಒಂದೊಂದು ರೆಕಾರ್ಡಿಗೂ ಹೀಗೆ ಹುಡುಕುತ್ತ ಕೂತರೆ ಲಕ್ಷ ರೆಕಾರ್ಡಿಗೆ ಜೀವಮಾನ ಸಾಲದು. ಮಾರದೇ ಇಟ್ಟಿರುವ ರೆಕಾರ್ಡುಗಳ ಮಟ್ಟಿಗೆ ಈ ಹೊರೆಯನ್ನು ಹಕ್ಕುದಾರರ ಕಡೆಗೆ ತಿರುಗಿಸಬೇಕು. ಇದು ನಮ್ಮದು, ಇಂತಿಂಥ ಕಡೆ ಸಿಗುತ್ತದೆ ಎಂದು ಹಕ್ಕುದಾರರೇ ಪಟ್ಟಿ ಕೊಡಲಿ, ಪಟ್ಟಿಯಲ್ಲಿ ಇಲ್ಲದ್ದನ್ನು ಗ್ರಂಥಾಲಯಗಳು ಕೇಳಿಸಲಿ. ಕಂಪನಿಗಳ ಆದಾಯಕ್ಕೆ ಇದರಿಂದ ಏಟು ಬೀಳುವುದಿಲ್ಲ.

ಒಪ್ಪಂದದ ದಾರಿಯೂ ಇದೆ. 2011ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ‘ನ್ಯಾಷನಲ್ ಜೂಕ್‌ಬಾಕ್ಸ್’ ಶುರು ಮಾಡಿದಾಗ, ಸೋನಿ ತನ್ನ ಕೈಯಲ್ಲಿರುವ ಹಳೇ ವಿಕ್ಟರ್ ರೆಕಾರ್ಡುಗಳನ್ನು ಕೇಳಿಸಲು ಅನುಮತಿ ಕೊಟ್ಟಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ನಮ್ಮಲ್ಲಿ ಉಲ್ಟಾ

ಭಾರತದಲ್ಲಿ ರೆಕಾರ್ಡಿನ ಹಕ್ಕು 60 ವರ್ಷ. 1965ರವರೆಗೆ ಪ್ರಕಟವಾದ ಧ್ವನಿಮುದ್ರಣಗಳು 2026ರ ಜನವರಿಗೆ ಬಿಡುಗಡೆಯಾಗಿವೆ. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಬೇರೆಯಾಗಿ ನೋಡಬೇಕು, ಆ ಮಾತು ಬೇರೆ. ಅಂದರೆ ಕನ್ನಡದ ಹಳೇ ರಂಗಗೀತೆಗಳ ಪ್ಲೇಟುಗಳಿಗೆ, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ದನಿಗೆ ಅಮೆರಿಕದ ಹಾಗೆ ಬೀಗ ಇಲ್ಲ. ನಮ್ಮ ತೊಡಕು ಇನ್ನೊಂದು ತುದಿಯಲ್ಲಿದೆ. ಕಾನೂನು ಬಾಗಿಲು ತೆರೆದಿದೆ, ಆದರೆ ಅಟ್ಟದ ಮೇಲಿನ ಪ್ಲೇಟನ್ನು ಇಳಿಸಿ, ತೊಳೆದು, ಸರಿಯಾದ ಮುಳ್ಳು ಹಾಕಿ ದನಿ ತೆಗೆಯುವವರು ಬೆರಳೆಣಿಕೆಯಷ್ಟು. ಅರಗು ಕೊಟ್ಟ ದೇಶದಲ್ಲಿ ಅರಗಿನ ಪ್ಲೇಟು ಕಾಪಾಡುವವರೇ ಕಡಿಮೆ ಅನ್ನುವುದು ಬೇಸರದ ಸಂಗತಿ.

2027ರ ಜನವರಿ 1ಕ್ಕೆ ಅಮೆರಿಕದಲ್ಲಿ 1926ರ ರೆಕಾರ್ಡುಗಳ ಸರದಿ. ಆರ್ಮ್‌ಸ್ಟ್ರಾಂಗ್‌ನ ‘ಹಾಟ್ ಫೈವ್’ ತಂಡದ ‘ಹೀಬಿ ಜೀಬೀಸ್’ ಅದರಲ್ಲಿದೆ, ಜೆಲ್ಲಿ ರೋಲ್ ಮಾರ್ಟನ್ ಶಿಕಾಗೊದಲ್ಲಿ ‘ರೆಡ್ ಹಾಟ್ ಪೆಪ್ಪರ್ಸ್’ ತಂಡದೊಂದಿಗೆ ನುಡಿಸಿದ ಮೊದಲ ಪ್ಲೇಟುಗಳೂ ಇವೆ. ಅವುಗಳ ಒಳ್ಳೆಯ ಪ್ರತಿಗಳು ಬೇಕಾದಷ್ಟು ಇವೆ, ಅವಕ್ಕೆ ಏನೂ ಆಗುವುದಿಲ್ಲ. ಅದೇ ವರ್ಷ ಹೊರಬಂದು, ಎರಡೋ ಮೂರೋ ಪ್ರತಿ ಮಾತ್ರ ಉಳಿದಿರುವ ಪ್ಲೇಟುಗಳಿಗೂ ಅಂದೇ ಬೀಗ ತೆರೆಯುತ್ತದೆ. ಅಷ್ಟರವರೆಗೆ ಅವು ಒಡೆಯದೆ ಇರಬೇಕು, ಅಷ್ಟೇ.